ತಪ್ಪು ಉತ್ತರಕ್ಕೆ ಚಪ್ಪಾಳೆ

ಮೆದುಳು ಹೇಗೆ ಕಲಿಯುತ್ತದೆ ಎಂಬ ತರಬೇತಿಗೆ ನನ್ನನ್ನು ಕಳಿಸಿದಾಗ ಮೈಯೆಲ್ಲ ಉರಿದಿತ್ತು. ಕೆ.ಆರ್. ಪುರದ ನಮ್ಮ ಶಾಲೆಯಿಂದ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಇರುವ ಮೆದುಳೂ ಕರಗಿಹೋಗುತ್ತದೆ. ಆದರೆ ಅಲ್ಲಿ ಹೇಳಿದ ಒಂದು ಮಾತು ತಲೆಗೆ ಹತ್ತಿತು. ಮಗು ಮೊದಲು ತಾನೇ ಊಹಿಸಿ, ತಪ್ಪಿ, ಆಮೇಲೆ ಸರಿಯಾದದ್ದನ್ನು ತಿಳಿದುಕೊಂಡರೆ ಅದು ಗಟ್ಟಿಯಾಗಿ ಉಳಿಯುತ್ತದಂತೆ. ಬೈದರೆ ಊಹಿಸುವುದನ್ನೇ ಬಿಟ್ಟುಬಿಡುತ್ತದಂತೆ.

ಬೈಯದೆ ಪಾಠ ಮಾಡುವುದೆಂದರೆ ನನ್ನ ಪಾಲಿಗೆ ಉಪ್ಪಿಲ್ಲದ ಸಾರು. ಆದರೂ ಆರನೇ ಕ್ಲಾಸಿನ ಒಬ್ಬ ಹುಡುಗಿಗಾಗಿ ಪ್ರಯತ್ನಿಸೋಣ ಎನಿಸಿತು. ಯಾದಗಿರಿ ಕಡೆಯವಳು, ತಾಯಿಗೆ ದೊಡ್ಡನೆಕ್ಕುಂದಿಯ ಕಂಪನಿಯೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಬಂದ ಹೊಸತರಲ್ಲೇ ಅವಳ ಮಾತಿನ ಧಾಟಿ ಕೇಳಿ ಕ್ಲಾಸು ನಕ್ಕಿತ್ತು. ಅಂದಿನಿಂದ ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

"ಇಕಿ ಏನೂ ಕಲ್ಯಾಕತ್ತಿಲ್ರಿ ಮೇಡಂ. ತಿಂಗಳ ಕೊನಿಗಿ ಟಿ.ಸಿ. ಕೊಡ್ರಿ, ಊರಾಗ ಅಜ್ಜಿ ಜೋಡಿ ಇರ್ತಾಳ," ಎಂದು ತಾಯಿ ಹೇಳಿಹೋಗಿದ್ದರು. ಊರಿಗೆ ಹೋದರೆ ಅವಳು ಮತ್ತೆ ಶಾಲೆಯ ಮುಖ ನೋಡುವುದು ಅನುಮಾನವೇ ಆಗಿತ್ತು.

"ತಪ್ಪು ಮಾಡಿದ್ರೂ ಮೆದುಳು ಕಲಿಯುತ್ತೆ. ಧೈರ್ಯವಾಗಿ ಊಹೆ ಮಾಡಿದವ್ರಿಗೆ ಚಪ್ಪಾಳೆ," ಎಂದು ಕ್ಲಾಸಿಗೆ ಹೇಳಿದೆ. ನಾನು ಹೇಳಿದ್ದೊಂದು, ಅವರು ಹಿಡಿದದ್ದೊಂದು. ತಪ್ಪು ಉತ್ತರಕ್ಕೇ ಪೈಪೋಟಿ ಶುರುವಾಯಿತು. ಸರಿ ಉತ್ತರ ಗೊತ್ತಿದ್ದ ಜಾಣೆಯರೂ ಬೇಕೆಂದೇ ತಪ್ಪು ಹೇಳಿ ಚಪ್ಪಾಳೆ ಗಿಟ್ಟಿಸಿಕೊಳ್ಳತೊಡಗಿದರು. ಹೆಡ್‌ಮಾಸ್ಟರ್ ಕಿಟಕಿಯಲ್ಲಿ ಇಣುಕಿ, "ಏನ್ರೀ ಇದು, ತಪ್ಪಿಗೆ ಚಪ್ಪಾಳೆ?" ಎಂದರು. "ತರಬೇತೀಲಿ ಹೇಳ್ಕೊಟ್ಟಿದ್ದು ಸಾರ್," ಎಂದು ಜಂಬ ಕೊಚ್ಚಿಕೊಂಡೆ. ಒಳಗೊಳಗೆ ನನಗೂ ಭಯವೇ.

ತಾಯಿ ಟಿ.ಸಿ.ಗೆಂದು ಬಂದ ಶನಿವಾರ ಬೆಳಿಗ್ಗೆ ನಾನು ಪಾಠದಲ್ಲಿದ್ದೆ. ಬಾಗಿಲಲ್ಲೇ ಇರಿ ಎಂದು ಸನ್ನೆ ಮಾಡಿ ಪ್ರಶ್ನೆ ಹಾಕಿದೆ: "ಗಿಡ ಏನು ತಿಂದು ಬೆಳೆಯುತ್ತೆ?"

"ಬಿರಿಯಾನಿ ಮಿಸ್!"

"ಗೋಬಿ ಮಂಚೂರಿ!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆ ಗಲಾಟೆಯಲ್ಲಿ ಅವಳೂ ನಗುತ್ತಾ ಎದ್ದು ನಿಂತಳು. "ಮಣ್ಣ ತಿಂತದ್ರಿ ಮಿಸ್."

ಅವಳು ಮಾತ್ರ ನಿಜವಾಗಿ ನಂಬಿಯೇ ಹೇಳಿದ್ದಳು. ಅದೂ ತಪ್ಪೇ ಆದ್ದರಿಂದ ಭರ್ಜರಿ ಚಪ್ಪಾಳೆ ಬಿತ್ತು. ಧಾಟಿಯನ್ನು ಯಾರೂ ಗಮನಿಸಲೇ ಇಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು.

"ಗಿಡ ತಿಂದ್ರೆ ಮಣ್ಣು ಖಾಲಿ ಆಗ್ಬೇಕಲ್ವಾ?" ಎಂದೆ.

ಅವಳು ಸ್ವಲ್ಪ ಯೋಚಿಸಿದಳು. "ನಮ್ಮನಿ ತುಳಸಿ ಎಷ್ಟ್ ಎತ್ರ ಬೆಳದದ, ಡಬ್ಬ್ಯಾಗಿನ ಮಣ್ಣ ಹಂಗೇ ಅದ. ಹಂಗಾರ ಏನ್ ತಿಂತದ್ರಿ ಮತ್ತ?"

ಕುತೂಹಲ ಕೆರಳಿದಾಗ ಕಲಿತದ್ದು ಬೇಗ ಮರೆಯುವುದಿಲ್ಲ ಎಂದೂ ತರಬೇತಿಯಲ್ಲಿ ಹೇಳಿದ್ದರು. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡೆ. "ಎಲ್ರೂ ಯೋಚನೆ ಮಾಡ್ಕೊಂಡು ಬನ್ನಿ. ಸೋಮವಾರ ಹೇಳ್ತೀನಿ."

ಬೆಲ್ ಹೊಡೆಯಿತು. ಬಾಗಿಲ ಬಳಿ ಹೋಗಿ, "ಟಿ.ಸಿ.ಗೆ ಬಂದ್ರಾ?" ಎಂದು ಕೇಳಿದೆ.

ತಾಯಿ ಮಗಳನ್ನೇ ನೋಡುತ್ತಿದ್ದರು. "ಗಿಡ ಏನ್ ತಿಂತದ್ರಿ ಮೇಡಂ?"

"ಸೋಮವಾರ ಹೇಳ್ತೀನಿ ಅಂದ್ನಲ್ಲ."

"ಹಂಗಾರ ಸೋಮವಾರ ಕಳಸ್ತೀನ್ರಿ," ಎಂದರು. "ಮನಿಗಿ ಬಂದು ನನಗೂ ಹೇಳ್ಲಿ."