ಪುಟದಿಂದ ಹೊರಗೆ ನೋಡಿದ ಕುರಿ

ಬೆಳಗಿನ ಚಹಾ ಆರುವುದರೊಳಗೆ ನಾನು ಎರಡು ಪತ್ರಿಕೆಗಳನ್ನು ಓದಿ ಮುಗಿಸುತ್ತೇನೆ. ಒಂದು ನಮ್ಮ ಚಳ್ಳಕೆರೆಯದು. ಅದರ ಎರಡನೆಯ ಪುಟದ ಮುಕ್ಕಾಲು ಪಾಲು ನಾನೇ ಬರೆದದ್ದಾದ್ದರಿಂದ ಅದನ್ನು ಓದುವುದು ಕನ್ನಡಿ ನೋಡಿಕೊಂಡಂತೆ, ಹೊಸದೇನೂ ಕಾಣುವುದಿಲ್ಲ, ಆದರೂ ನೋಡದೆ ಇರಲಾಗುವುದಿಲ್ಲ. ಇನ್ನೊಂದು ನಾರ್ವೆ ದೇಶದ ಕಡಲಂಚಿನ ಒಂದು ಪುಟ್ಟ ಊರಿನದು. ಆ ಭಾಷೆಯ ಒಂದಕ್ಷರವೂ ನನಗೆ ಬಾರದು. ಫೋನು ಅದನ್ನು ತನಗೆ ತಿಳಿದ ಕನ್ನಡಕ್ಕೆ ತಿರುಗಿಸಿ ಕೊಡುತ್ತದೆ. ‘ಸೇತುವೆಯು ಗುರುವಾರ ವಿಶ್ರಾಂತಿ ಪಡೆಯಲಿದೆ’ ಎಂದು ಅದು ಗಂಭೀರವಾಗಿ ಹೇಳಿದರೆ, ದುರಸ್ತಿಗೆಂದು ಮುಚ್ಚುತ್ತಾರೆ ಎಂದು ನಾನು ಅರ್ಥ ಮಾಡಿಕೊಳ್ಳಬೇಕು. ಹೀಗೆ ಓದಿದ್ದನ್ನು ಡೈರಿಯಲ್ಲಿ ಗೆರೆ ಎಳೆದು ಲೆಕ್ಕ ಇಡುವುದು ನನ್ನ ಚಟ. ಮಾರ್ಚಿನಿಂದ ಇಲ್ಲಿಯವರೆಗೆ ಆ ಪತ್ರಿಕೆಯಲ್ಲಿ ಕುರಿಗಳ ಸುದ್ದಿ ಹತ್ತೊಂಬತ್ತು ಸಲ ಬಂದಿದೆ. ನಮ್ಮದರಲ್ಲಿ ನಲವತ್ತೊಂದು ಸಲ. ನಾವು ಮುಂದಿದ್ದೇವೆ ಎಂಬ ಸಣ್ಣ ಹೆಮ್ಮೆಯನ್ನು ಓದುಗರು ಮನ್ನಿಸಬೇಕು.

ಚಳ್ಳಕೆರೆಗೂ ನಾರ್ವೆಗೂ ಎತ್ತಣ ಸಂಬಂಧ ಎಂದರೆ, ಸಂಬಂಧ ಕಟ್ಟಿದ್ದು ನನ್ನ ಅಂಜಿಕೆ. ಕಳೆದ ವರ್ಷ ನಮ್ಮ ನಾಲ್ಕು ಪುಟದ ಪತ್ರಿಕೆಯನ್ನು ದೂರದ ನಗರದ ಒಂದು ಮಾಧ್ಯಮ ಸಮೂಹ ಕೊಂಡುಕೊಂಡಿತು. ಇಂಥ ಸಮೂಹದ ಕೈಗೆ ಸಿಕ್ಕ ಸಣ್ಣ ಪತ್ರಿಕೆಗಳು ಎಷ್ಟು ದಿನ ಬದುಕುತ್ತವೆ ಎಂದು ಹುಡುಕುತ್ತಾ ಹೋದವಳು ನಾರ್ವೆಯಲ್ಲಿ ಹೋಗಿ ನಿಂತೆ. ಅಲ್ಲಿ ಕೈಯಷ್ಟಗಲದ ಊರಿಗೂ ಒಂದು ಪತ್ರಿಕೆ ಉಂಟು. ಅಂಥ ಎಷ್ಟೋ ಪತ್ರಿಕೆಗಳನ್ನು ಒಂದೇ ಸಮೂಹ ಆಳುವುದೂ ಉಂಟು. ಒಂದು ಸಮೂಹ ಇನ್ನೊಂದನ್ನು ಕೊಳ್ಳುವುದೂ ಉಂಟಂತೆ. ಆದರೂ ಒಡೆಯರು ಬದಲಾದ ಮರುದಿನವೂ ಪತ್ರಿಕೆ ಬರುತ್ತದೆ, ಅದರಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬದ ಚಿತ್ರವಿರುತ್ತದೆ, ದೋಣಿ ಹೊರಡುವ ವೇಳೆ ಇರುತ್ತದೆ, ಬೇಸಿಗೆಯಲ್ಲಿ ಬೆಟ್ಟಕ್ಕೆ ಮೇಯಲು ಬಿಟ್ಟ ಕುರಿಗಳು ಹಿಂತಿರುಗಿದವೋ ಇಲ್ಲವೋ ಎಂಬ ವಿಚಾರಣೆ ಇರುತ್ತದೆ. ಆ ಕುರಿಗಳನ್ನು ಕಂಡದ್ದೇ ನನ್ನ ಅಂಜಿಕೆ ಅರ್ಧ ಇಳಿಯಿತು. ಕುರಿ ತಪ್ಪಿಸಿಕೊಳ್ಳುವ ಊರಿನಲ್ಲಿ ಪತ್ರಿಕೆಗೆ ಸಾವಿಲ್ಲ ಎಂದು ಅಂದಿನ ಡೈರಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆ.

ನಮ್ಮ ಪತ್ರಿಕೆಗೆ ಒಂದು ಹೆಸರಿದೆ, ಆದರೆ ಊರಿನವರು ಅದನ್ನು ‘ಪೇಪರು’ ಎಂದಷ್ಟೇ ಕರೆಯುತ್ತಾರೆ. ಅದನ್ನು ಹುಟ್ಟುಹಾಕಿದ ಸಂಪಾದಕರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು; ಎಲ್ಲರಿಗೂ ಮೇಷ್ಟ್ರು. ಪತ್ರಿಕೆ ಕೈಬದಲಾದ ಮೇಲೂ ಸಮೂಹದವರು ಅವರನ್ನು ಸಲಹೆಗಾರರೆಂದು ಉಳಿಸಿಕೊಂಡಿದ್ದಾರೆ. ಅವರು ಸುದ್ದಿಗಿಂತ ಹೆಚ್ಚು ಶ್ರದ್ಧೆಯಿಂದ ನಡೆಸಿಕೊಂಡು ಬಂದದ್ದು ಎರಡನೆಯ ಪುಟದ ಕೆಳಗಿನ ‘ಕಳೆದ ಕುರಿ’ ಎಂಬ ಅಂಕಣವನ್ನು. ನಮ್ಮ ಕಡೆ ಕುರಿ ಸಾಕುವ ಪ್ರತಿಯೊಂದು ಮನೆತನಕ್ಕೂ ಒಂದು ಕಿವಿಗುರುತು ಇರುತ್ತದೆ: ಒಬ್ಬರದು ಬಲಗಿವಿಯ ತುದಿ ಕೊಯ್ದದ್ದು, ಒಬ್ಬರದು ಎಡಗಿವಿ ಸೀಳಿದ್ದು, ಇನ್ನೊಬ್ಬರದು ಎರಡೂ ಕಿವಿಗೆ ಕಚ್ಚು. ಸಾವಿರ ಕುರಿ ಒಟ್ಟಿಗೆ ನುಗ್ಗಿದರೂ ಕಿವಿ ಹಿಡಿದು ನೋಡಿದರೆ ಯಾರದೆಂದು ತಿಳಿಯುತ್ತದೆ. ಕುರಿ ಕಳೆದುಕೊಂಡವರು ಬಂದು ಗುರುತು ಹೇಳಿದರೆ, ಮೇಷ್ಟ್ರು ಒಂದು ಕುರಿಯ ಮೋರೆ ಬರೆದು ಕಿವಿಯಲ್ಲಿ ಆ ಗುರುತನ್ನು ತೋರಿಸುತ್ತಾರೆ. ಕುರಿ ಕಾಯುವವರಲ್ಲಿ ಹಲವರಿಗೆ ಓದು ಬಾರದು. ಅವರು ಚಹಾದಂಗಡಿಯಲ್ಲಿ ಪೇಪರು ತಿರುವಿ ಕಿವಿ ನೋಡಿ ಎದ್ದು ಹೋಗುತ್ತಾರೆ. ಮಂದೆಗೆ ಬಂದು ಸೇರಿದ ಪರಕೀಯ ಕುರಿಯನ್ನು ಸಂತೆಯ ದಿನದವರೆಗೆ ತಮ್ಮ ರೊಪ್ಪದ ಬೇಲಿಯೊಳಗಿಟ್ಟು ಮೇಯಿಸುವುದು, ಅಷ್ಟರೊಳಗೆ ಪೇಪರಿನಲ್ಲಿ ಅದರ ಕಿವಿ ಕಾಣದಿದ್ದರೆ ಸಂತೆಗೆ ಹೊಡೆಯುವುದು ಇಲ್ಲಿಯ ನಡಾವಳಿ. ಯಾರೂ ಇದನ್ನು ಕಳ್ಳತನವೆನ್ನುವುದಿಲ್ಲ. ಕಿವಿ ಅಚ್ಚಾಗಲಿಲ್ಲ, ಅಷ್ಟೇ.

ಸಮೂಹವನ್ನು ದೂರಲು ನಾನು ಕೂತಿಲ್ಲ. ಅವರು ಬಂದ ಮೇಲೆ ಪತ್ರಿಕೆಗೆ ಬಣ್ಣ ಬಂತು. ಕರೆಂಟು ಹೋದರೆ ಪತ್ರಿಕೆಯೂ ಹೋಗುತ್ತಿದ್ದ ಕಾಲ ಹೋಯಿತು. ಪುಟಗಳನ್ನು ಈಗ ಆ ದೂರದ ನಗರದಲ್ಲಿ ಕಟ್ಟುತ್ತಾರೆ. ಅಚ್ಚಿಗೆ ಮುಂಚೆ ಫೋನಿಗೆ ಬರುವ ಪುಟವನ್ನು ನೋಡಿ ‘ಸರಿ’ ಎನ್ನುವುದು ನನ್ನ ಕೆಲಸ. ಅದಕ್ಕಾಗಿ ನಾನೊಂದು ಹನ್ನೊಂದು ಅಂಶಗಳ ಪಟ್ಟಿ ಮಾಡಿಕೊಂಡಿದ್ದೆ: ಊರ ಹೆಸರು, ವಾರ, ಸಂಖ್ಯೆ, ಫೋನ್ ನಂಬರು ಇತ್ಯಾದಿ. ಹನ್ನೊಂದಕ್ಕೂ ಗುರುತು ಬಿದ್ದ ಮೇಲೆ ದೇವರು ಬಂದು ತಪ್ಪಿದೆ ಎಂದರೂ ನಾನು ಒಪ್ಪುತ್ತಿರಲಿಲ್ಲ.

ಸಿದ್ದಾಪುರದ ಕಡೆಯ ಬೋರಕ್ಕ ನಮ್ಮ ಕಚೇರಿಗೆ ಬಂದದ್ದು ಒಂದು ಬುಧವಾರ. ಬಂಡೆಗಳ ನಡುವೆ ಮೇಯುತ್ತಿದ್ದ ಅವಳ ಮಂದೆಯನ್ನು ದಾರಿಯಲ್ಲಿ ಹೋಗುತ್ತಿದ್ದ ಇನ್ನೊಂದು ಮಂದೆ ಹಾದು ಹೋಗಿತ್ತು. ಧೂಳು ಇಳಿದಾಗ ಏಳು ಹೆಣ್ಣು ಕುರಿಗಳು ಇರಲಿಲ್ಲ. ಅವಳಲ್ಲಿದ್ದದ್ದು ಒಟ್ಟು ಹದಿನಾರು. ಮಂದೆಯ ಅರ್ಧದಷ್ಟು ಹೋದ ಮೇಲೆ ಉಳಿದದ್ದನ್ನು ಮಂದೆ ಎನ್ನಲಾಗುವುದಿಲ್ಲ. ಅವಳ ದನಿಯಲ್ಲಿ ಮಾತ್ರ ಅಳುವಿರಲಿಲ್ಲ.

“ಎಡಗಿವಿ ಸೀಳು. ನಮ್ಮ ಮಾವನ ಕಾಲದಿಂದ ಅದೇ ಗುರುತು,” ಎಂದು ಮೇಷ್ಟ್ರ ಮೇಜಿನ ಮೇಲೆ ಬೆರಳಿಟ್ಟಳು. “ನೋಡಿ ಬರೀರಿ ಮೇಷ್ಟ್ರೇ. ಸಂತೆ ಶನಿವಾರ ಐತೆ.”

“ಕುರಿ ಯಾವ ಕಡೆ ಹೋಗಿರ್ಬೋದಕ್ಕಾ?” ಎಂದು ಕೇಳಿದೆ, ಪೆನ್ನು ಹಿಡಿದು.

“ಹೇಳಿ ಹೋಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ತಾಯಿ?”

ಇದಕ್ಕೆ ನನ್ನ ಡೈರಿಯಲ್ಲಿ ಕೋಷ್ಟಕವಿರಲಿಲ್ಲ. ಮೇಷ್ಟ್ರು ಕುರಿಯ ಮೋರೆ ಬರೆದರು. ಅದು ಸ್ವಲ್ಪ ಒಂದು ಪಕ್ಕಕ್ಕೆ ಹೊರಳಿ, ಎರಡೂ ಕಿವಿ ಕಾಣುವಂತೆ ನಿಂತು, ಎಡಗಿವಿಯ ಸೀಳನ್ನು ಲೋಕಕ್ಕೆ ತೋರಿಸುತ್ತಿತ್ತು. ಸಂಜೆ ಪುಟ ಬಂತು. ಏಳು ಕುರಿ, ಸರಿ. ಸಿದ್ದಾಪುರ, ಸರಿ. ಫೋನ್ ನಂಬರು, ಸರಿ. ಹನ್ನೊಂದಕ್ಕೆ ಹನ್ನೊಂದು. ಒಪ್ಪಿಗೆ ಕೊಟ್ಟೆ.

ಗುರುವಾರ ಬೆಳಿಗ್ಗೆ ಫೋನು ಬಂದದ್ದು ಬೋರಕ್ಕನಿಗಲ್ಲ, ನನಗೆ. ಮಾಡಿದವನು ಮೊಳಕಾಲ್ಮುರಿನ ಆಚೆ, ಆಂಧ್ರದ ಗಡಿಯ ಹತ್ತಿರ ಕುರಿ ಸಾಕುವ ಪಾಲಯ್ಯ.

“ಏಮ್ಮಾ, ನನ್ನ ಕುರಿ ಕಳದಾವೆ ಅಂತ ಪೇಪರ್ನಾಗೆ ಹಾಕೀರಲ್ಲ, ಯಾವಾಗ ಕಳದ್ವು? ರೊಪ್ಪದಾಗೆ ಎಲ್ಡು ಸಲ ಎಣಿಸ್ದೆ, ಒಂದೂ ಕಮ್ಮಿ ಇಲ್ಲ. ಬೆಳಗ್ಗಿಂದ ಸಮಾಧಾನ ಹೇಳಾಕೆ ಬಂದೋರಿಗೆಲ್ಲ ಟೀ ಕಾಸಿ ಕಾಸಿ ನನ್ನ ಹೆಂಡ್ತಿ ಸಾಕಾಗಿ ಕುಂತವಳೆ.”

ಇದು ಬೋರಕ್ಕನ ಕುರಿ, ಎಡಗಿವಿ ಸೀಳು ಎಂದೆ.

“ಪೇಪರ್ನಾಗೆ ಬಲಗಿವಿ ಸೀಳೈತಲ್ಲಮ್ಮಾ. ಬಲಗಿವಿ ನಮ್ದು.”

ಪತ್ರಿಕೆ ತೆಗೆದು ನೋಡಿದೆ. ಮೇಷ್ಟ್ರ ಕುರಿ ಆ ಕಡೆಗೆ ನೋಡುತ್ತಿದ್ದುದು ಈ ಕಡೆಗೆ ನೋಡುತ್ತಿತ್ತು. ಅದರೊಂದಿಗೆ ಸೀಳೂ ಕಿವಿ ಬದಲಿಸಿತ್ತು. ನಗರದ ಡೆಸ್ಕಿಗೆ ಫೋನು ಮಾಡಿದೆ. ಅಲ್ಲಿದ್ದವರು ಬಹಳ ಸಭ್ಯ ಗೃಹಸ್ಥರು. ಮೃದುವಾದ ದನಿಯಲ್ಲಿ ತಮ್ಮ ಶಾಸ್ತ್ರವನ್ನು ವಿವರಿಸಿದರು.

“ಮೇಡಂ, ಆ ಕುರಿ ಪುಟದಿಂದ ಹೊರಗೆ ನೋಡ್ತಾ ಇತ್ತು. ಚಿತ್ರದಲ್ಲಿರೋ ಮುಖ ಯಾವಾಗಲೂ ಪುಟದ ಒಳಗೆ ನೋಡಬೇಕು, ಇಲ್ಲದಿದ್ದರೆ ಓದುಗರ ಕಣ್ಣು ಹೊರಗೆ ಹೋಗಿಬಿಡುತ್ತೆ. ಅದಕ್ಕೆ ತಿರುಗಿಸಿದ್ವಿ.”

“ಸಾರ್, ಕುರೀನೇ ಹೊರಗೆ ಹೋಗಿದೆ,” ಎಂದೆ.

ಅವರು ನಿಜವಾಗಿಯೂ ನೊಂದುಕೊಂಡರು. ಮರುದಿನದ ಎರಡನೆಯ ಪುಟ ಆಗಲೇ ಜಾಹೀರಾತಿಗೆ ಹೋಗಿತ್ತು. ತಿದ್ದುಪಡಿ ಶನಿವಾರ ಖಂಡಿತ ಎಂದರು. ಶನಿವಾರ ಪತ್ರಿಕೆ ಹಳ್ಳಿ ಮುಟ್ಟುವ ಹೊತ್ತಿಗೆ ಕುರಿಗಳು ಸಂತೆ ಮುಟ್ಟಿರುತ್ತವೆ. ವಾಟ್ಸಾಪಿನಲ್ಲಿ ಸರಿಯಾದ ಚಿತ್ರ ಕಳಿಸೋಣವೆಂದರೆ, ಅಲ್ಲಿ ಬೆಳಗಿನಿಂದ ಪತ್ರಿಕೆಯ ಪುಟವೇ ಸುತ್ತುತ್ತಿತ್ತು. ಅಚ್ಚಿನಲ್ಲಿ ಒಂದು ಕಿವಿ, ಫೋನಿನಲ್ಲಿ ಇನ್ನೊಂದು ಕಿವಿ ಕಂಡರೆ ನಮ್ಮ ಜನ ನಂಬುವುದು ಅಚ್ಚನ್ನು. ಇಷ್ಟು ವರ್ಷ ಮೇಷ್ಟ್ರು ಗಳಿಸಿದ ನಂಬಿಕೆ ಈಗ ಬೋರಕ್ಕನಿಗೇ ಅಡ್ಡ ನಿಂತಿತ್ತು.

ನಿಮ್ಮಲ್ಲಿ ಮುಚ್ಚಿಡುವುದೇನು, ಆ ದಿನ ಡೆಸ್ಕಿನವರ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ತಿರುಗಿದ ಕುರಿಯನ್ನು ನೋಡಿ ‘ಸರಿ’ ಎಂದವಳು ನಾನು. ನನ್ನ ಹನ್ನೊಂದು ಅಂಶಗಳಲ್ಲಿ ಚಿತ್ರ ಎಂಬ ಅಂಶವೇ ಇರಲಿಲ್ಲ. ಅಕ್ಷರ ಬಲ್ಲವರು ಓದುವ ಎಲ್ಲವನ್ನೂ ಪರೀಕ್ಷಿಸಿ, ಅಕ್ಷರ ಬಾರದವರು ಓದುವ ಒಂದೇ ಒಂದನ್ನು ಬಿಟ್ಟಿದ್ದೆ. ನಗರದಲ್ಲಿ ಕೂತವರಿಗೆ ಕಿವಿಯ ಸಂಗತಿ ಗೊತ್ತಿಲ್ಲವೆಂದರೆ ಅದು ದೂರದ ದೋಷ. ಗೊತ್ತಿದ್ದೂ ನೋಡದಿದ್ದದ್ದು ನನ್ನ ದೋಷ.

ಮೇಷ್ಟ್ರಿಗೆ ಹೇಳಿದೆ. ಅವರು ಬೈಯಲಿಲ್ಲ. “ನಾಳೆ ಪೇಪರ್ ಕಟ್ಟು ಎಷ್ಟೊತ್ತಿಗೆ ಬಸ್‌ಸ್ಟ್ಯಾಂಡಿಗೆ ಬರ್ತೈತೆ?” ಎಂದಷ್ಟೇ ಕೇಳಿದರು. ಐದು ಕಾಲಿಗೆ ಎಂದೆ. “ಎರಡು ಕಪ್ಪು ಮಾರ್ಕರು ತಗಂಬಾ.”

ಶುಕ್ರವಾರ ನಸುಕಿನಲ್ಲಿ ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾಯಕನಹಟ್ಟಿಯ ಕಟ್ಟನ್ನೂ ಮೊಳಕಾಲ್ಮುರಿನ ಕಟ್ಟನ್ನೂ ಬಿಚ್ಚಿದೆವು. ಮೊದಲ ಪುಟದ ನೆತ್ತಿಯಲ್ಲಿ, ಪತ್ರಿಕೆಯ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ, ಪ್ರತಿಯೊಂದು ಪ್ರತಿಯಲ್ಲೂ ಒಂದು ಕುರಿಮೋರೆ, ಎಡಗಿವಿಗೆ ಸೀಳು, ಪಕ್ಕದಲ್ಲಿ ‘೭’. ಕಚೇರಿಯ ಫೋನ್ ನಂಬರು ಹೇಗೂ ಅಲ್ಲೇ ಅಚ್ಚಾಗಿತ್ತು. ಮೇಷ್ಟ್ರ ಕೈ ಐದು ಗೆರೆಯಲ್ಲಿ ಕುರಿಯನ್ನು ಮುಗಿಸುತ್ತಿತ್ತು. ನನಗೆ ಹನ್ನೆರಡು ಗೆರೆ ಬೇಕಾಗುತ್ತಿತ್ತು. ಬಸ್ಸು ಹೊರಡುವ ಹೊತ್ತಾಗಿ ಕಂಡಕ್ಟರು ಬಂದು ನಮ್ಮ ತಲೆಯ ಮೇಲೆ ನಿಂತ.

“ಏನ್ ಮೇಷ್ಟ್ರೇ, ರಿಟೈರ್ ಆದ್ಮೇಲೆ ಪೇಪರಿಗೂ ಮಾರ್ಕ್ಸ್ ಹಾಕಾಕೆ ಹತ್ತೀರಾ? ಬಸ್ ಬಿಡ್ಬೇಕ್ರಿ.”

“ಇನ್ನಾ ಮೂವತ್ತು ಕಿವಿ ಅದಾವೆ, ತಡೀಲೇ.”

“ಯಾರ್ದು?”

“ಸಿದ್ದಾಪುರದ ಬೋರಕ್ಕಂದು. ಏಳು ಕುರಿ.”

ಕಂಡಕ್ಟರು ಗಡಿಯಾರ ನೋಡಿದ, ತುಂಬಿದ ಬಸ್ಸನ್ನು ನೋಡಿದ, ಆಮೇಲೆ ನನ್ನ ಕೈಯಿಂದ ಮಾರ್ಕರು ಕಿತ್ತುಕೊಂಡು ತಾನೇ ಕೂತ. ಅವನು ಬರೆದ ಕುರಿ ನಾಯಿಯ ಹಾಗಿತ್ತು, ಕಿವಿ ಮಾತ್ರ ನಿರ್ದುಷ್ಟವಾಗಿತ್ತು. ಅಂದಿನ ಲೆಕ್ಕ: ಮೇಷ್ಟ್ರು ನೂರ ನಲವತ್ತೆಂಟು, ನಾನು ಎಪ್ಪತ್ತೊಂಬತ್ತು, ಕಂಡಕ್ಟರು ಮೂರು. ಒಟ್ಟು ಇನ್ನೂರ ಮೂವತ್ತು. ಬಸ್ಸು ಏಳು ನಿಮಿಷ ತಡ.

ಹನ್ನೊಂದೂವರೆಗೆ ಕಚೇರಿಯ ಫೋನು ಬಡಿದುಕೊಂಡಿತು. ನಾಯಕನಹಟ್ಟಿಯ ಈಚೆಗಿನ ಒಂದು ಹಟ್ಟಿಯವರು. ನಿನ್ನೆ ಪೇಪರಿನಲ್ಲಿ ಬಲಗಿವಿ ನೋಡಿ, ಇವಲ್ಲವೆಂದು ತಿಳಿದು, ನಾಳೆ ಸಂತೆಗೆ ಹೊಡೆಯಲು ಕುರಿಗಳನ್ನು ಬೇರೆ ಕಟ್ಟಿದ್ದರಂತೆ. ಇವತ್ತು ಚಹಾ ಕುಡಿಯುವಾಗ ಪೆನ್ನಿನ ಕಿವಿ ಕಂಡಿತಂತೆ. ಏಳು ಇವೆಯೇ ಎಂದು ಕೇಳಿದೆ. “ಎಂಟದಾವೆ ಕಣಮ್ಮ,” ಎಂದರು. “ಒಂದು ಮೊನ್ನೆ ಈಯ್ತು.” ಹುಟ್ಟಿ ಎರಡು ದಿನದ ಮರಿಯ ಕಿವಿಯಲ್ಲಿ ಯಾರ ಗುರುತೂ ಇರುವುದಿಲ್ಲ. ಅದನ್ನು ಅವರು ಇಟ್ಟುಕೊಂಡಿದ್ದರೆ ಕೇಳುವವರಿರಲಿಲ್ಲ. ಕಳೆದದ್ದು ಏಳು, ಸಿಕ್ಕಿದ್ದು ಎಂಟು ಎಂದು ಡೈರಿಯಲ್ಲಿ ಬರೆಯುವಾಗ, ಲೆಕ್ಕ ತಪ್ಪಿದ ಸಂತೋಷವನ್ನು ನಾನು ಮೊದಲ ಸಲ ಅನುಭವಿಸಿದೆ.

ಸಮೂಹದ ಹಿರಿಯರೊಬ್ಬರು ಅಂದೇ ಸಂಜೆ ಫೋನು ಮಾಡಿ, ಮಾರಾಟಕ್ಕೆ ಹೋಗುವ ಪ್ರತಿಗಳ ಮೇಲೆ ಗೀಚುವುದು ಪತ್ರಿಕೆಯ ಘನತೆಗೆ ತಕ್ಕದ್ದೇ ಎಂದು ವಿಚಾರಿಸಿದರು. ನಾನು ಕಥೆಯನ್ನು ವಾರ, ಹೊತ್ತು, ಸಂಖ್ಯೆಗಳ ಸಮೇತ ಒಪ್ಪಿಸಿದೆ. ಬಳಿಕ ಆ ಘನವಂತರು, ಎಂಟನೆಯದು ಹೆಣ್ಣೋ ಗಂಡೋ ಎಂದು ಕೇಳಿದರು. ಈಗ ಅವರ ನಿಯಮಾವಳಿಯಲ್ಲಿ, ಪ್ರಾಣಿಗಳ ಚಿತ್ರವನ್ನು ತಿರುಗಿಸಬಾರದು ಎಂಬ ಒಂದು ಸಾಲು ಸೇರಿದೆ. ಕಾರಣ ಕೊಟ್ಟಿಲ್ಲ. ಕುರಿ ಕಾಣದ ಎಷ್ಟೋ ಊರುಗಳ ಪುಟ ಕಟ್ಟುವವರು ಅದನ್ನು ಓದಿ ತಲೆ ಕೆರೆದುಕೊಳ್ಳುತ್ತಿರಬೇಕು. ನಾರ್ವೆಯ ಆ ಪುಟ್ಟ ಪತ್ರಿಕೆಯಲ್ಲಿಯೂ ಹೀಗೆ ಪುಟದ ಪಕ್ಕ ಕೂತು ತನ್ನೂರಿನ ಕುರಿಯನ್ನು ನೋಡಿಕೊಳ್ಳುವ ಒಬ್ಬಳು ಇರಲೇಬೇಕೆಂದು ನನಗೆ ಈಗ ಖಾತ್ರಿಯಾಗಿದೆ. ಒಡೆಯರು ಯಾರೆಂಬುದು ಸಣ್ಣ ಮಾತಲ್ಲ. ಆದರೆ ಅವಳಿಲ್ಲದಿದ್ದರೆ ಎಂಥ ಒಡೆಯರೂ ಏನೂ ಮಾಡಲಾರರು.

ಮುಂದಿನ ವಾರ ಬೋರಕ್ಕ ಕಂಬಳಿಯ ಮಡಿಕೆಯಲ್ಲಿ ಮರಿಯನ್ನು ಇಟ್ಟುಕೊಂಡು ಕಚೇರಿಗೆ ಬಂದಳು. ಮೇಷ್ಟ್ರಿಗೆ ತೋರಿಸಲೆಂದು. ಮರಿ ನನ್ನ ಡೈರಿಯ ಮೂಲೆಯನ್ನು ಜಗಿಯುತ್ತಿದ್ದಾಗ ಅವಳು, ನಾವು ಗೋಡೆಗೆ ಅಂಟಿಸಿದ್ದ ಶುಕ್ರವಾರದ ಪ್ರತಿಯನ್ನು ಬಹಳ ಹೊತ್ತು ನೋಡಿದಳು. ಪತ್ರಿಕೆಯ ಹೆಸರಿನ ಒಂದು ಪಕ್ಕ ಅವಳ ಕುರಿ. ಇನ್ನೊಂದು ಪಕ್ಕ, ಕಳೆದ ವರ್ಷದಿಂದ ಅಚ್ಚಾಗುತ್ತಿರುವ ಸಮೂಹದ ಕೆಂಪು ಮುದ್ರೆ.

“ಇದೇನಿದು ತಾಯಿ?”

ಪತ್ರಿಕೆಯನ್ನು ದೊಡ್ಡ ಊರಿನವರು ಕೊಂಡಿದ್ದಾರೆ, ಅವರ ಹತ್ತಿರ ಇಂಥವು ಇನ್ನೂ ಹಲವು ಇವೆ, ತಮ್ಮವು ಎಂದು ತಿಳಿಯಲು ಎಲ್ಲದರ ಮೇಲೂ ಹೀಗೆ ಹಾಕುತ್ತಾರೆ ಎಂದು ವಿವರಿಸಿದೆ. ಬೋರಕ್ಕನ ಮುಖದಲ್ಲಿ ನಗು ಹರಡಿತು.

“ಹಂಗಾರೆ ನಿಮ್ಮ ಪೇಪರಿಂದೂ ಕಿವಿ ಕೊಯ್ದಾರೆ ಅನ್ರಿ.”

ಅವಳು ಮರಿಯನ್ನು ನನ್ನ ಡೈರಿಯಿಂದ ಬಿಡಿಸಿಕೊಂಡು, ಅದರ ಇನ್ನೂ ಕತ್ತರಿ ಕಾಣದ ಎಡಗಿವಿಯನ್ನು ಎರಡು ಬೆರಳಲ್ಲಿ ಸವರುತ್ತಾ ಎದ್ದಳು.

“ಎಂಟು ದಿನ ಉರೀತೈತೆ, ಆಮ್ಯಾಕೆ ಮಾಯ್ತೈತೆ ಬಿಡ್ರಿ. ಗುರುತು ಯಾರಾನಾ ಹಾಕ್ಕಳ್ಳಿ. ಮೇಯೋದು ಮಾತ್ರ ಇಲ್ಲೇ ಮೇಯ್ರಿ.”