ಗಿರಾಕಿಗಳಾಗಿ ಬಂದ ನಮ್ಮವರು

ಮೊನ್ನೆ ಕೆಂಪಾಪುರದ ನಮ್ಮ ಮನೆಯಿಂದ ತರಕಾರಿಗೆ ಅಂತ ಹೊರಟವಳು ದಾರಿಯಲ್ಲಿ ಒಂದು ಹೋಟೆಲಿನ ಮುಂದೆ ಹಾಗೇ ನಿಂತುಬಿಟ್ಟೆ. ಒಳಗೆ ಭಟ್ಟರು ಕಾದ ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಬರಬರನೆ ಗುಡಿಸಿದರು. ಚೊಂಯ್ ಅಂತ ಆವಿ ಎದ್ದಿತು. ಸೀದ ಎಣ್ಣೆಯದ್ದೂ ಒದ್ದೆ ತೆಂಗಿನ ಕಡ್ಡಿಯದ್ದೂ ಸೇರಿದ ಆ ವಾಸನೆ ಇದೆಯಲ್ಲ, ಅದನ್ನು ಒಳ್ಳೇದು ಅನ್ನೋಕೂ ಆಗಲ್ಲ, ಕೆಟ್ಟದ್ದು ಅನ್ನೋಕೂ ಆಗಲ್ಲ. ಬೇರೆಯವರಿಗೆ ಅದರಿಂದ ಹಸಿವಾಗುತ್ತೋ ಏನೋ. ನನಗೆ ಕೈ ತಣ್ಣಗಾಗುತ್ತೆ. ಎಂಥ ಕರ್ಮ ನೋಡಿ, ದೋಸೆ ವಾಸನೆಗೆ ಹೆದರುವವಳು ಇಡೀ ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ನಿಮಗೂ ಯಾವುದಾದರೂ ಒಂದು ವಾಸನೆ ಹೀಗೆ ಕೈ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರೆ ನಾನು ಹೇಳುವುದು ಅರ್ಥವಾದೀತು.

ಮತ್ತಿಕೆರೆಯಲ್ಲಿ ನಮ್ಮದೊಂದು ಪುಟ್ಟ ಹೋಟೆಲ್ ಇತ್ತು. ಅಪ್ಪ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಕಾರ್ಖಾನೆ ಮುಳುಗುತ್ತಾ ಬಂದಾಗ ಸ್ವಯಂ ನಿವೃತ್ತಿ ತಗೊಂಡು, ಕೈಗೆ ಬಂದ ದುಡ್ಡನ್ನು ಹೆಚ್ಚುಕಮ್ಮಿ ಪೂರ್ತಿ ಮುನಿಯಪ್ಪನವರ ಕಟ್ಟಡಕ್ಕೆ ಅಡ್ವಾನ್ಸ್ ಕೊಟ್ಟುಬಿಟ್ಟರು. ಮುನಿಯಪ್ಪ ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದ ಕಾಲದ ಹಳೇ ಒಕ್ಕಲು. ಅವರ ತಂದೆ ದ್ರಾಕ್ಷಿ ಬೆಳೆಯುತ್ತಿದ್ದ ಜಾಗದಲ್ಲೇ ಈಗ ನಾಲ್ಕಂತಸ್ತು ಎದ್ದಿತ್ತು. ನೆಲಮಹಡಿಯಲ್ಲಿ ಮುಂದೆ ನಮ್ಮ ಹೋಟೆಲು, ಹಿಂದೆ ಎರಡು ರೂಮಿನ ನಮ್ಮ ಮನೆ, ನಡುವೆ ಒಂದು ಹೂವಿನ ಪರದೆ. ಅಮ್ಮ ಅಡುಗೆ ಮಾಡುತ್ತಿದ್ದಳು, ಹೀಗೇ ಕಡ್ಡಿ ಪೊರಕೆಯಿಂದ ದೋಸೆ ಕಾವಲಿ ಗುಡಿಸುತ್ತಿದ್ದಳು, ಅಪ್ಪ ಗಲ್ಲಾಪೆಟ್ಟಿಗೆ ಹಿಂದೆ ಕೂರುತ್ತಿದ್ದರು, ಅಜ್ಜಿ ಕಾಲು ಚಾಚಿಕೊಂಡು ಕಾಯಿ ತುರಿಯುತ್ತಿದ್ದಳು. ನನ್ನ ತಲೆ ಬಾಚುವುದಿದ್ದರೆ ಮಾತ್ರ ಹಿತ್ತಲಿಗೇ ಹೋಗಬೇಕು. "ಸಾಂಬಾರಲ್ಲಿ ಒಂದೇ ಒಂದು ಕೂದಲು ಸಿಕ್ಲಿ, ಮಾನ ಹರಾಜು" ಅಂತ ಅಜ್ಜಿ ಜಡೆ ಎಳೆದೆಳೆದು ಹೆಣೆಯುತ್ತಿದ್ದಳು. ಸುತ್ತಮುತ್ತ ರೂಮು ಮಾಡಿಕೊಂಡಿದ್ದ ಕಾಲೇಜು ಹುಡುಗರೇ ನಮ್ಮ ಗಿರಾಕಿಗಳು. ಅಮ್ಮ ಅವರ ಪರೀಕ್ಷೆ ವಿಚಾರಿಸಿ, ಬಯ್ದು, ಬಯ್ದಿದ್ದಕ್ಕೆ ಅಂತ ಇನ್ನೊಂದು ಸೌಟು ಪಲ್ಯ ಹಾಕುತ್ತಿದ್ದಳು. ಹೀಗೆ ಹೋಟೆಲ್ ನಡೆಸಿದರೆ ಲಾಭ ಎಲ್ಲಿಂದ ಬರಬೇಕು ಹೇಳಿ.

ವ್ಯಾಪಾರ ಹೇಗಿದೆ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ, ರಾತ್ರಿಯ ತಟ್ಟೆ ನೋಡಿದರೆ ಗೊತ್ತಾಗುತ್ತಿತ್ತು. ಅನ್ನ ಸಾರು ಬಂದರೆ ಬೆಳಗಿನ ಇಡ್ಲಿ ಖರ್ಚಾಗಿದೆ. ಇಡ್ಲಿ ಉಪ್ಪಿಟ್ಟು ಬಂದರೆ ಆಗಿಲ್ಲ. ಮೊದಲ ವರ್ಷ ಕಳೆಯುತ್ತಿದ್ದ ಹಾಗೆ ನಮ್ಮ ರಸ್ತೆಯನ್ನು ಚರಂಡಿಗೆ ಅಂತ ಅಗೆದರು. ಅಗೆದವರು ಪೈಪುಗಳನ್ನು ಅಲ್ಲೇ ಬಿಸಾಕಿ ಮಾಯವಾದರು. ಹೋಟೆಲಿಗೆ ಬರಬೇಕಾದರೆ ಗುಂಡಿಯ ಮೇಲೆ ಹಾಕಿದ ಒಂದು ಹಲಗೆಯ ಮೇಲೆ ಸರ್ಕಸ್ ಮಾಡಬೇಕಾಯಿತು. ಅದೇ ಹೊತ್ತಿಗೆ ಕಾಲೇಜಿನ ಗೇಟಿನ ಎದುರಿಗೇ ಬಣ್ಣಬಣ್ಣದ ದೀಪ ಹಾಕಿದ ತಿಂಡಿ ಅಂಗಡಿಗಳು ಸಾಲಾಗಿ ಶುರುವಾದವು. ನಮ್ಮ ಹುಡುಗರು ಹಲಗೆಯ ಆ ಕಡೆ ನಿಂತು, "ಬೇಡ ಮಗಾ, ಅಲ್ಲೇ ಹೋಗೋಣ ಕಣೋ" ಅಂತ ತಿರುಗಿ ಹೋಗುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಅಮ್ಮನಿಗೂ ಕಾಣುತ್ತಿತ್ತು. ನಮ್ಮಲ್ಲಿ ದಿನಾ ಇಡ್ಲಿ ಉಪ್ಪಿಟ್ಟು ಆಯಿತು, ಸಪ್ಲೈಯರ್ ಬಿಟ್ಟು ಹೋದ. ಅಪ್ಪ ಕೂತಲ್ಲೇ ಬೆರಳು ಮಡಿಚಿ ಬಿಚ್ಚಿ ಏನೋ ಲೆಕ್ಕ ಹಾಕುತ್ತಿದ್ದರು. ಲೆಕ್ಕ ಎಷ್ಟು ಸಲ ಹಾಕಿದರೂ ಒಂದೇ: ಮೂರು ವರ್ಷ ಬಿಡುವ ಹಾಗಿಲ್ಲ ಅಂತ ಅಗ್ರಿಮೆಂಟು. ಬಿಟ್ಟರೆ ಅಡ್ವಾನ್ಸ್ ಹೋಗುತ್ತೆ, ಇದ್ದರೆ ಬಾಡಿಗೆ ಅದನ್ನೇ ತಿನ್ನುತ್ತೆ.

ಮುನಿಯಪ್ಪನವರ ಮನೆಗೆ ಹೋಗುವಾಗ ಅಪ್ಪ ನನ್ನನ್ನೂ ಸ್ಕೂಟರಿನಲ್ಲಿ ಕೂರಿಸಿಕೊಳ್ಳುತ್ತಿದ್ದರು. ಮಗು ಜೊತೆಗಿದ್ದರೆ ಅವರು ಜೋರು ಮಾಡಲ್ಲ ಅನ್ನುವುದು ಅಪ್ಪನ ಉಪಾಯ. ಆಯಮ್ಮ, ಅಂದರೆ ಮುನಿಯಪ್ಪನವರ ಹೆಂಡತಿ, ನನಗೆ ಬಾಳೆಹಣ್ಣು ಕೊಡೋರು. ನಾನು ಅದನ್ನು ಸುಲಿಯದೆ ಕೈಯಲ್ಲೇ ಬಿಸಿ ಮಾಡಿಕೊಂಡು ಕೂತಿರುತ್ತಿದ್ದೆ. "ವ್ಯಾಪಾರ ಇಲ್ಲ ಯಜಮಾನ್ರೇ, ರಸ್ತೆ ನೀವೇ ನೋಡಿದೀರಲ್ಲ" ಅಂತ ಅಪ್ಪ ಅಂದರೆ, "ರಸ್ತೆ ನಾನ್ ಅಗ್ದಿದ್ನಾ ಸಾಮಿ? ಇಬ್ರೂ ಸೈನ್ ಆಕಿದೀವಿ. ಇಂಗೆ ಮಧ್ಯದಾಗೆ ಎದ್ದೋದ್ರೆ ಬ್ಯಾಂಕ್ನೋರಿಗೆ ನಾನೇನ್ ಏಳ್ಲಿ?" ಅನ್ನೋರು ಅವರು. ಕೆಟ್ಟ ಮನುಷ್ಯ ಅಂತ ಹೇಳಿದರೆ ನನ್ನ ನಾಲಿಗೆ ಬಿದ್ದು ಹೋದೀತು. ಆ ಕಟ್ಟಡದ ಸಾಲ ಅವರ ಕುತ್ತಿಗೆಗೂ ಸುತ್ತಿಕೊಂಡಿತ್ತು. ಎಷ್ಟೋ ಸಲ ಹೋಗಿ ಬಂದ ಮೇಲೆ ಒಂದು ದಿನ ಅವರೇ, "ಒಂದ್ ಕೆಲ್ಸ ಮಾಡಿ. ನೀವೇ ಒಂದ್ ಒಳ್ಳೆ ಪಾರ್ಟಿ ಕರ್ಕಂಬನ್ನಿ. ಅವ್ರು ಕುಂತ್ಕಂಡ್ರೆ ನೀವ್ ಎದ್ದೋಗಿ. ನಿಮ್ ಅಡ್ವಾನ್ಸ್ ನಿಮ್ಗೆ" ಅಂದರು. ವಾಪಸ್ ಬರುವಾಗ ಅಪ್ಪ ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಗಾಡಿ ಮುಂದಕ್ಕೆ ಬಿಡದೆ ಕೂತಿದ್ದರು, ಹಿಂದಿನವರೆಲ್ಲ ಹಾರ್ನ್ ಬಾರಿಸಿ ಬಯ್ದರು.

ಪಾರ್ಟಿಯನ್ನು ಹುಡುಕಿದ್ದು ಅಮ್ಮನ ತಮ್ಮ ಸೋಮು ಮಾಮ. ಯಲಹಂಕದ ಶ್ರೀಕಂಠಯ್ಯ ಅಂತ, ಮದುವೆ ಅಡುಗೆ ಕಂಟ್ರಾಕ್ಟ್ ಮಾಡೋರು, ಭಾನುವಾರ ಬೆಳಿಗ್ಗೆ ಬಂದು ಹೋಟೆಲ್ ನೋಡುತ್ತೇನೆ ಅಂದಿದ್ದರು. "ಅಕ್ಕ, ನೊಣ ಹೊಡೀತಿರೋ ಹೋಟ್ಲನ್ನ ಯಾರ್ ತಗೋತಾರೆ? ನಮ್ಮೋರನ್ನೇ ಕರ್ಸಿ ಗಿರಾಕಿಗಳ ಥರ ಕೂರ್ಸೋಣ" ಅಂದ ಮಾಮ. ಅಪ್ಪ, "ಅದು ಮೋಸ ಅಲ್ವೇನೋ" ಅಂತ ಶುರು ಮಾಡಿದ್ದೇ ತಡ, ಅಮ್ಮ ಸೌಟು ಕುಕ್ಕಿದಳು. "ನಿಮ್ಮ ನೀತಿಪಾಠ ಆಮೇಲೆ ಹೇಳೋರಂತೆ. ಕುತ್ತಿಗೆ ತನಕ ನೀರು ಬಂದಿದೆ, ಮೊದ್ಲು ದಡ ಸೇರೋಣ." ಮಾಮನ ಕಟ್ಟಪ್ಪಣೆಗಳು ಒಂದೆರಡಲ್ಲ. ಗಂಡ ಹೆಂಡತಿ ಒಂದೇ ಮೇಜಿಗೆ ಕೂರಬಾರದು. ಯಾರೂ ಯಾರನ್ನೂ ಗುರುತು ಹಿಡಿಯಬಾರದು. ತಿಂದವರು ಗಲ್ಲಾದಲ್ಲಿ ಕಾಸು ಕೊಟ್ಟು ಸುಮ್ಮನೆ ಹೊರಟು ಹೋಗಬೇಕು, ತಿರುಗಿ ನೋಡಬಾರದು. "ನೀನು ಅಪ್ಪ ಅಂದ್ಯೋ, ಎಲ್ಲಾ ಕೆಟ್ಟಿತು. ಸಾರ್ ಅನ್ಬೇಕು" ಅಂತ ನನ್ನ ಕಿವಿ ಹಿಂಡಿದ. ನಾನು ಬಚ್ಚಲಿನಲ್ಲಿ ನಿಂತು ಸಾರ್, ಸಾರ್ ಅಂತ ಅಭ್ಯಾಸ ಮಾಡಿದೆ. ಶ್ರೀಕಂಠಯ್ಯ ಒಪ್ಪಿದರೆ ಹೋಟೆಲಿನ ಹಿಂದಿನ ನಮ್ಮ ಮನೆಯೂ ಹೋಗುತ್ತೆ, ಅದು ಅದೇ ಅಗ್ರಿಮೆಂಟಿನಲ್ಲಿತ್ತು. ಅದಕ್ಕೆ ನಾನು ದೇವರ ಮುಂದೆ ನಿಂತು ಅವರು ಒಪ್ಪಲಿ ಅಂತಲೂ ಬೇಡಿಕೊಂಡೆ, ಒಪ್ಪದಿರಲಿ ಅಂತಲೂ ಬೇಡಿಕೊಂಡೆ. ದೇವರಿಗೆ ನನ್ನ ಮೇಲೆ ಸಿಟ್ಟು ಬಂದಿದ್ದರೂ ಆಶ್ಚರ್ಯವಿಲ್ಲ.

ಭಾನುವಾರ ಎಲ್ಲರೂ ಬಂದರು. ಶೆಟ್ಟಿಹಳ್ಳಿಯಿಂದ ಅಪ್ಪನ ಅಣ್ಣ, ಅಂದರೆ ನಮ್ಮ ದೊಡ್ಡಪ್ಪ, ದೊಡ್ಡಮ್ಮ, ಅತ್ತೆಯಂದಿರು, ಅವರ ಮಕ್ಕಳು. ಒಬ್ಬೊಬ್ಬರೇ ಹಲಗೆ ದಾಟಿ, ಮದುವೆಗೆ ಬಂದವರ ಹಾಗೆ ಒಳ್ಳೆ ಬಟ್ಟೆ ಹಾಕಿಕೊಂಡು, ಕಳ್ಳರ ಹಾಗೆ ಕೂತರು. ಅಜ್ಜಿಯನ್ನೂ ಪರದೆಯಿಂದ ಈಚೆ ಕರೆದು ಒಂದು ಮೂಲೆಯಲ್ಲಿ ಕಾಫಿ ಕೊಟ್ಟು ಕೂರಿಸಿದರು, ನನ್ನನ್ನು ಬೇರೆ ಮೇಜಿಗೆ. ಶ್ರೀಕಂಠಯ್ಯ ಬಂದರು. ದಪ್ಪ ಮನುಷ್ಯ, ಸಣ್ಣ ಕಣ್ಣು, ಯಾವುದನ್ನೂ ಬಿಡದ ನೋಟ. ಇಡ್ಲಿ ವಡೆ ಹೇಳಿ ನನ್ನ ಪಕ್ಕದ ಮೇಜಿಗೇ ಕೂತರು. ಮಾಮ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಓಡಾಡುತ್ತಿದ್ದ. ಅಪ್ಪನೇ ಎದ್ದು ನನ್ನ ಹತ್ತಿರ ಬಂದು, "ಏನ್ ಬೇಕಮ್ಮ ನಿಮಗೆ?" ಅಂದರು. ಅಪ್ಪ ನನಗೆ 'ನೀವು' ಅಂದಿದ್ದು! ನನಗೆ ಅಳು ಒತ್ತರಿಸಿ ಬಂತು. "ಇಡ್ಲಿ, ಸಾರ್" ಅಂದೆ. ಅಪ್ಪನ ಮುಖ ನೋಡಲಿಲ್ಲ. ಹೋಟೆಲು ತುಂಬಿತ್ತು, ಆದರೆ ಒಂದು ಪಿಸುಮಾತೂ ಇಲ್ಲ, ಬರೀ ಚಮಚದ ಸದ್ದು. ಶ್ರಾದ್ಧದ ಊಟದಲ್ಲೂ ಜನ ಅಷ್ಟು ಸುಮ್ಮನಿರಲ್ಲ.

ದೊಡ್ಡಮ್ಮ ಮಾತ್ರ ಭಲೇ ಹೆಂಗಸು. ವಾರಗಿತ್ತಿ ಅನ್ನೋದು ಹೆಸರಿಗಷ್ಟೇ, ಅಮ್ಮ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು, ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದರು. ಆ ಮೌನದ ನಡುವೆ ದೊಡ್ಡಮ್ಮ ಗಟ್ಟಿಯಾಗಿ, "ಏನ್ರೀ, ಚಟ್ನಿ ಇನ್ನೊಂಚೂರು ಹಾಕ್ತೀರಾ? ಈ ಕಡೆ ಇಂಥ ಚಟ್ನಿ ಎಲ್ಲೂ ಸಿಗಲ್ಲಪ್ಪ" ಅಂದಳು. ತಿಂದು, ತಟ್ಟೆ ಮೇಜಿನ ಮೇಲೇ ಬಿಟ್ಟು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಗಲ್ಲಾದ ಹತ್ತಿರ ಹೋದಳು. ಹಬ್ಬಹಬ್ಬಕ್ಕೂ ತನ್ನ ಕಾಲಿಗೆ ಬೀಳುವ ಮೈದುನನನ್ನು, "ಎಷ್ಟಾಯ್ತ್ರೀ?" ಅಂತ ಕೇಳಿ, ಕಾಸು ಕೊಟ್ಟು, ಚಿಲ್ಲರೆ ಎಣಿಸಿಕೊಂಡು ಹೊರಟೇ ಹೋದಳು. ಶ್ರೀಕಂಠಯ್ಯ ತಲೆದೂಗಿದ ಹಾಗೆ ನನಗೆ ಕಂಡಿತು. ಮಾಮನ ಮುಖ ಅರಳಿತು.

ಆಮೇಲೆ ದೊಡ್ಡಪ್ಪನ ಸರದಿ. ಅವರು ತಿಂದು ಮುಗಿಸಿದರು, ಎದ್ದರು, ಜೊತೆಗೆ ತಟ್ಟೆಯನ್ನೂ ಎತ್ತಿಕೊಂಡರು. ಉಂಡ ಎಂಜಲು ತಟ್ಟೆಯನ್ನು ಇನ್ನೊಬ್ಬರಿಗೆ ಬಿಟ್ಟು ಏಳುವುದು ನಮ್ಮ ಮನೆತನದಲ್ಲಿ ಯಾರಿಗೂ ಗೊತ್ತಿಲ್ಲ, ಚಿಕ್ಕಂದಿನಲ್ಲೇ ಬೆನ್ನಿಗೆ ಗುದ್ದಿ ಕಲಿಸಿರುತ್ತಾರೆ. ಅವರು ಪರದೆ ಸರಿಸಿಕೊಂಡು ಸೀದಾ ಹಿತ್ತಲಿಗೆ ನಡೆದರು. ಅವರನ್ನು ನೋಡಿ ಒಬ್ಬ ಅತ್ತೆ ತಟ್ಟೆ ಎತ್ತಿದಳು, ಎತ್ತಿ ಸುಮ್ಮನಿರದೆ ಎರಡು ಹನಿ ನೀರು ಹಾಕಿ ಕೈಯಿಂದ ಮೇಜು ಸಾರಿಸಿದಳು. ಅವಳ ಹಿಂದೆ ಅವಳ ಮಕ್ಕಳು. ತಟ್ಟೆ ಹಿಡಿದವರ ಒಂದು ಸಾಲೇ ಹಿತ್ತಲ ಕಡೆ ಹೊರಟಿತು. ಮಾಮ ಕಣ್ಣು ಸನ್ನೆ ಮಾಡಿ ಮಾಡಿ ಸೋತ. ಸಾಲದ್ದಕ್ಕೆ ಅಜ್ಜಿ ಮೂಲೆಯಿಂದ, "ಬಿಡೋ, ಅಲ್ಲೇ ಇಡೋ, ನಾನು ತೊಳೀತೀನಿ" ಅಂದಳು. ಮುಗಿಯಿತು, ಅಡ್ವಾನ್ಸ್ ಹೋಯಿತು, ಅಪ್ಪ ಇನ್ನು ಉಳಿಯಲ್ಲ ಅಂತ ನನಗೆ ನಿಜವಾಗಿ ಅನ್ನಿಸಿತು. ಶ್ರೀಕಂಠಯ್ಯ ನನ್ನ ಕಡೆ ಬಗ್ಗಿ, "ನೀನು ಯಾರ ಮಗಳು ಪುಟ್ಟಿ?" ಅಂದರು. ನಾನು ಗಲ್ಲಾದ ಕಡೆ ನೋಡಿದೆ. ಅಪ್ಪ ಗಲ್ಲಾ ಬಿಟ್ಟು ಎದ್ದು ಬಂದು ನನ್ನ ತಲೆ ಮೇಲೆ ಕೈಯಿಟ್ಟರು. "ನನ್ನ ಮಗಳು ಸಾರ್. ಇವರೆಲ್ಲ ನಮ್ಮೋರೇ. ವ್ಯಾಪಾರ ಇಲ್ಲ ಸಾರ್ ಇಲ್ಲಿ, ಸುಳ್ಳು ಹೇಳೋಕೆ ಹೋದ್ವಿ, ಬರಲಿಲ್ಲ."

ಶ್ರೀಕಂಠಯ್ಯ ವಡೆಯ ಕೊನೆ ತುಂಡು ಬಾಯಿಗಿಟ್ಟುಕೊಂಡು ಹೊಟ್ಟೆ ಕುಣಿಸಿ ನಕ್ಕರು. "ಮೂವತ್ತು ವರ್ಷದಿಂದ ಬಡಿಸ್ತಿದೀನಿ ಸ್ವಾಮಿ, ತಟ್ಟೆ ತೊಳೆಯೋಕೆ ಹೋಗೋ ಗಿರಾಕಿನ ಇವತ್ತೇ ಕಂಡಿದ್ದು! ನನಗೆ ಗಿರಾಕಿ ಯಾಕ್ರೀ ಬೇಕು? ಮದುವೆ ಅಡುಗೆಗೆ ಜಾಗ ಬೇಕು. ನೀರು ಚೆನ್ನಾಗಿ ಬರುತ್ತಾ, ಅದು ಹೇಳಿ." ನೀರು ಬರುತ್ತಿತ್ತು. ಅವರು ಹಿತ್ತಲು ನೋಡಿದರು, ನಮ್ಮ ಎರಡು ರೂಮು ನೋಡಿದರು, ಅಜ್ಜಿಯ ಹಾಸಿಗೆ ಸುತ್ತಿಟ್ಟಿದ್ದ ಗೋಡೆಯನ್ನು ಬೆರಳಿನಿಂದ ತಟ್ಟಿ, "ಇದನ್ನ ಒಡೆಸಿದ್ರೆ ಉಗ್ರಾಣ ಆಗುತ್ತೆ" ಅಂದರು. ಅದೇ ವಾರ ಮುನಿಯಪ್ಪನವರ ಮನೆಯಲ್ಲಿ ಮಾತುಕತೆ ಮುಗಿಯಿತು. ಸುಣ್ಣಬಣ್ಣಕ್ಕೆ ಅಂತ ಸ್ವಲ್ಪ ಹಿಡಿದುಕೊಂಡು ಅಡ್ವಾನ್ಸ್ ವಾಪಸ್ ಕೊಟ್ಟರು, ಕೊಟ್ಟ ಮಾತಿಗೆ ತಪ್ಪಲಿಲ್ಲ. ನಾವು ಯಲಹಂಕದಲ್ಲಿ ಒಂದು ಬಾಡಿಗೆ ಮನೆಗೆ ಹೋದೆವು. ಅಪ್ಪನಿಗೆ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆಯ ಗೋಡೆ ಒಡೆಯುವ ದಿನ ಅಜ್ಜಿ ನೋಡಬೇಕು ಅಂತ ಹಟ ಹಿಡಿದಳು, ಯಾರೂ ಕರೆದುಕೊಂಡು ಹೋಗಲಿಲ್ಲ.

ಆ ಭಾನುವಾರ ಶ್ರೀಕಂಠಯ್ಯ ಹಲಗೆ ದಾಟಿ ಹೋದ ಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟು, ಬಿದ್ದು ಬಿದ್ದು ನಕ್ಕರು. ದೊಡ್ಡಪ್ಪ ದೊಡ್ಡಮ್ಮನನ್ನು ಕರೆತರಲು ಬಸ್ ಸ್ಟಾಪಿಗೆ ಓಡಿದರು. ಅವಳು ಇರಲಿಲ್ಲ. ಹೊರಟು ಹೋಗಬೇಕು, ತಿರುಗಿ ನೋಡಬಾರದು ಅಂದಿದ್ದರಲ್ಲ, ಬಂದ ಬಸ್ಸು ಹತ್ತಿ ಶೆಟ್ಟಿಹಳ್ಳಿಗೆ ಹೋಗಿಬಿಟ್ಟಿದ್ದಳು. ಸಂಜೆ ಫೋನಿನಲ್ಲಿ, "ಹೆಂಗಿತ್ತೇ ನನ್ನ ಆಕ್ಟಿಂಗು? ಯುಗಾದಿಗೆ ಬರ್ತೀನಿ, ಹೊಸ ಮನೆ ನೋಡೋಕೆ" ಅಂತ ಅಮ್ಮನಿಗೆ ಹೇಳಿದಳಂತೆ. ಯುಗಾದಿಗೆ ಅವಳು ಇರಲಿಲ್ಲ. ಒಂದು ಬೆಳಿಗ್ಗೆ ಎದೆ ನೋವು ಅಂದವಳು ಆಸ್ಪತ್ರೆಯ ಬಾಗಿಲು ಕಾಣಲಿಲ್ಲ. ಮುಂದಿನ ವರ್ಷ ಅಜ್ಜಿ ಹೋದಳು. ಆಮೇಲೆ ಯಾವುದೋ ಸೈಟಿನ ವಿಷಯಕ್ಕೆ ದೊಡ್ಡಪ್ಪನಿಗೂ ಅಪ್ಪನಿಗೂ ಮಾತು ಬಿಟ್ಟುಹೋಯಿತು, ಮದುವೆ ಮುಂಜಿಗಳಲ್ಲಿ ಈ ಕಡೆಯವರು ಬಂದರೆ ಆ ಕಡೆಯವರಿಲ್ಲ. ನಮ್ಮವರೆಲ್ಲ ಒಂದೇ ಸೂರಿನಡಿ ಕೂತು ತಿಂದಿದ್ದು ಅದೇ ಕೊನೆ, ಯಾರಿಗೆ ಯಾರೂ ಏನೂ ಅಲ್ಲ ಅನ್ನೋ ಹಾಗೆ ನಟಿಸಿಕೊಂಡು.

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಮೊನ್ನೆ ತರಕಾರಿ ಚೀಲ ಇಟ್ಟು, ಕಾವಲಿಯ ವಾಸನೆಯ ವಿಷಯ ಅವಳಿಗೆ ಹೇಳಿದೆ. ಅಡ್ವಾನ್ಸು, ಮುನಿಯಪ್ಪ, ಅಪ್ಪ ಪಟ್ಟ ಪಾಡು, ಏನಾದರೂ ತೆಗೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಹೊಸ್ತಿಲು ದಾಟಿಸಿದವಳಲ್ಲ ನಮ್ಮಮ್ಮ, ಹಾಲಿನವಳನ್ನೂ ಬಿಟ್ಟವಳಲ್ಲ. ಆದರೆ ಹೋಟೆಲಿನ ಗಿರಾಕಿಗೆ ಯಾರಾದರೂ ಕುಂಕುಮ ಕೊಡುತ್ತಾರೆಯೇ?

"ಅವತ್ತು ಅಕ್ಕ ಬಾಗಿಲ ಹತ್ರ ಚಪ್ಪಲಿ ಹಾಕ್ಕೊಳ್ಳೋ ಹಾಗೆ ಸ್ವಲ್ಪ ಹೊತ್ತು ನಿಂತ್ಲು ಕಣೇ" ಅಂದಳು. "ನಾನು ಪರದೆ ಹಿಂದೇನೇ ಇದ್ದೆ. ಕುಂಕುಮದ ಬಟ್ಲು ನನ್ನ ಕೈಯಲ್ಲೇ ಇತ್ತು."