ಒಡ್ಡನ್‌ಛತ್ರಂನಲ್ಲಿ ಶನಿದೇವರ ದರ್ಶನ

ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಒಂದು ಶುಕ್ರವಾರ. ಬಾಗಿಲಿಗೆ ನೀರು ಹಾಕಿ, ಕೋಲದ ರಂಗೋಲಿ ಬಿಟ್ಟು, ಸಗಣಿ ಉಂಡೆಯ ಮೇಲೆ ಕುಂಬಳದ ಹೂ ಇಟ್ಟು, ನಾನೂ ನಮ್ಮ ಮನೆಯವರೂ ಹನುಮಂತನಪಟ್ಟಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು. ಚೀಲದಲ್ಲಿ ಎರಡು ಪೊಟ್ಟಣ ನಿಂಬೆ ಚಿತ್ರಾನ್ನ, ಮೊಮ್ಮಗಳಿಗೆ ಒಂದು ಕಿಲೋ ಪನ್ನೀರ್ ದ್ರಾಕ್ಷಿ. ಹೊರಟಿದ್ದು ಒಡ್ಡನ್‌ಛತ್ರಂಗೆ, ನಮ್ಮ ಮಗಳು ಶಾಂತಿಯ ಮನೆಗೆ. ಅಳಿಯ ಅಲ್ಲಿನ ತರಕಾರಿ ಮಂಡಿಯಲ್ಲಿ ಕೆಲಸದಲ್ಲಿದ್ದಾರೆ.

ಹಬ್ಬವಿರಲಿಲ್ಲ, ಸೀಮಂತವಿರಲಿಲ್ಲ. ಮೊಮ್ಮಗಳು ಯಾಳಿನಿ ಓದುವ ಶಾಲೆಯ ಮೈದಾನದಲ್ಲಿ ಆ ಸಂಜೆ ಮೇಷ್ಟ್ರುಗಳೆಲ್ಲ ಸೇರಿ ಊರವರಿಗೆ ದೂರದರ್ಶಕದಲ್ಲಿ ಚಂದ್ರನನ್ನೂ ಶನಿಯನ್ನೂ ತೋರಿಸುವವರಿದ್ದರು. ಮಗು ಫೋನು ಮಾಡಿ ತಾತನಿಗೇ ಕೊಡಿಸಿಕೊಂಡಿತ್ತು. ನಮ್ಮ ಮನೆಯ ಕನ್ನಡ ಅದಕ್ಕೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ತಾತಾ, ನೀನು ವಾರ ವಾರ ಕುಚ್ಚನೂರಿಗೆ ಹೋಗಿ ನೋಡ್ತೀಯಲ್ಲ, ಅವರನ್ನೇ ಇಲ್ಲಿ ಆಕಾಶದಲ್ಲಿ ತೋರಿಸ್ತಾರಂತೆ, ಬಾ" ಎಂದಿತ್ತು.

ನಮ್ಮ ಮನೆಯವರದು ಕುಂಭ ರಾಶಿ. ಏಳರೆ ಶನಿ, ಏಳೂವರೆ ವರ್ಷದ ಕಾಟ, ಹಿಡಿದಿದೆ. ಶನಿವಾರ ಬಂದರೆ ಚಿನ್ನಮನೂರು ದಾಟಿ ಕುಚ್ಚನೂರಿನ ಶನಿದೇವರ ಗುಡಿಗೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚುತ್ತೇವೆ. ಅಲ್ಲಿ ದೇವರ ಎದುರು ನೇರ ನಿಲ್ಲುವವರಿಲ್ಲ. ಸ್ವಲ್ಪ ಪಕ್ಕಕ್ಕೆ ಸರಿದು, ಓರೆಯಾಗಿ ಕೈಮುಗಿದು ಬರುವುದು ಪದ್ಧತಿ. ಆತನ ದೃಷ್ಟಿ ನೇರವಾಗಿ ಬೀಳಬಾರದು. ಇದನ್ನು ನನಗೆ ನಮ್ಮ ಅತ್ತೆ ಕಲಿಸಿದರು, ನಾನು ನನ್ನ ಮಗಳಿಗೆ ಕಲಿಸಿದೆ.

ಆದರೆ ಆ ವರ್ಷ ನನ್ನ ಭಯ ಬೇರೆಯೇ ಇತ್ತು. ಇವರ ಬಲಗಣ್ಣಿಗೆ ಪೊರೆ ಬಂದಿತ್ತು. ಚಿನ್ನಮನೂರಿನಲ್ಲಿ ಕಣ್ಣಿನ ಶಿಬಿರ ಹಾಕಿದಾಗ ಡಾಕ್ಟರು ಟಾರ್ಚು ಬಿಟ್ಟು ನೋಡಿ, ಪೊರೆ ಬಲಿತಿದೆ, ತಡ ಮಾಡಿದರೆ ಕಣ್ಣೇ ಉಳಿಯುವುದಿಲ್ಲ, ದಿಂಡಿಗಲ್ಲಿಗೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಿ ಎಂದು ಹೇಳಿದ್ದರು. ಇವರು ಒಪ್ಪಲೇ ಇಲ್ಲ. "ಅವ್ನು ತಲೆ ಮ್ಯಾಲೆ ಕುಂತವ್ನೆ, ಈಗ ಹೋಗಿ ಕಣ್ಣಿಗೆ ಕತ್ತಿ ಹಾಕಿಸ್ಕಳಾದಾ? ಏಳರೆ ಮುಗೀಲಿ ಪುಳ್ಳೆ, ಆಮ್ಯಾಲೆ ನೋಡಾನ." ಪುಳ್ಳೆ ಎಂದು ನನ್ನನ್ನೇ ಕರೆಯುವುದು. ನಾನು ವಾದಿಸಲಿಲ್ಲ. ನಾನೂ ಹೆದರುವವಳೇ. ದೀಪ ಹಚ್ಚುವಾಗ ಮಾತ್ರ ಕೇಳಿಕೊಳ್ಳುತ್ತಿದ್ದೆ: ಸ್ವಾಮಿ, ತೋಟದಲ್ಲಿ ಏನು ಬೇಕಾದರೂ ತಗೋ, ಅವರ ಕಣ್ಣು ಬಿಡು.

ಬಸ್ಸಿನಲ್ಲಿ ನನಗೆ ಟಿಕೆಟ್ಟಿಲ್ಲ. ಹೆಂಗಸರಿಗೆ ಬಿಟ್ಟಿ ಊರ ಬಸ್ಸೇ ಸಿಕ್ಕಿತು, ಕಿಟಕಿಯ ಸೀಟೂ ಸಿಕ್ಕಿತು. ಇಂಥ ಸಣ್ಣಪುಟ್ಟವನ್ನೂ ದೇವರೇ ಕೊಡುವುದು ಎಂದು ಕೈಮುಗಿದೆ. ಎಡಗಡೆ ಬೆಟ್ಟಸಾಲಿಗೆ ಮಂಜು ಸುತ್ತಿಕೊಂಡಿತ್ತು, ಕೆಳಗೆ ನಾಟಿ ಮಾಡಿದ ಗದ್ದೆಗಳಲ್ಲಿ ಕೊಕ್ಕರೆಗಳು. ಚಿನ್ನಮನೂರಿನಲ್ಲಿ ಇಳಿದು ತೇನಿಗೆ ಇನ್ನೊಂದು ಬಸ್ಸು ಹಿಡಿದೆವು.

ತೇನಿ ನಿಲ್ದಾಣದಲ್ಲಿ ಇವರು ನನಗಿಂತ ಮುಂದೆ ಬಿರಬಿರನೆ ನಡೆದು ಒಂದು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರು. ತಲೆಯೆತ್ತಿ ನೋಡಿದರೆ ಅದು ತಿರುಪ್ಪೂರಿನ ಬಸ್ಸು.

"ಏಂಗ, ಇದು ತಿರುಪ್ಪೂರಿಂದು. ದಿಂಡಿಗಲ್ ಬಸ್ಸು ಅಲ್ಲೈತೆ."

"ಬೋರ್ಡು ಬರೆದವ್ನ ಕೈ ನೆಟ್ಟಗಿಲ್ಲೆ" ಎಂದು ಇಳಿದರು. ಕಂಡಕ್ಟರು ಹಿಂದಿನಿಂದ, "ಬರೋದಿದ್ರೆ ಬನ್ನಿ ತಾತಾ, ತಿರುಪ್ಪೂರಿನಲ್ಲಿ ಬನಿಯನ್ ಅಗ್ಗ" ಎಂದು ನಕ್ಕ. ನಾನೂ ನಕ್ಕೆ. ಒಳಗೆ ಮಾತ್ರ ಏನೋ ಚುಚ್ಚಿತು. ಮನೆಯಲ್ಲೂ ಹಾಗೇ. ಕಾಫಿ ಲೋಟದ ಪಕ್ಕಕ್ಕೆ ಬಿದ್ದರೆ ಲೋಟದ್ದು ತಪ್ಪು, ಮೆಟ್ಟಿಲು ತಪ್ಪಿದರೆ ಕಟ್ಟಿದವನದು.

ತೇನಿಯಿಂದ ದಿಂಡಿಗಲ್ಲಿಗೆ ಎರಡು ಗಂಟೆಗೂ ಮೇಲೆ. ವತ್ತಲಗುಂಡಿನಲ್ಲಿ ಬಸ್ಸು ನಿಂತಾಗ ಇವರು ಒಂದು ಕವಳೆ ವೀಳ್ಯದೆಲೆ ಕೊಂಡರು, ನಾನು ಒಂದು ಮೊಳ ಮಲ್ಲಿಗೆ. ದಿಂಡಿಗಲ್ಲಿನೊಳಗೆ ಬಸ್ಸು ತಿರುಗುವಾಗ ಕಣ್ಣಾಸ್ಪತ್ರೆಯ ದೊಡ್ಡ ಬೋರ್ಡು ಕಂಡಿತು. ನಾನು ಅದನ್ನು ನೋಡಿದೆ. ಇವರು ನಾನು ನೋಡಿದ್ದನ್ನು ತಿಳಿದು ಆಚೆ ಕಡೆಗೆ ತಿರುಗಿಕೊಂಡರು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಚಿತ್ರಾನ್ನ ತಿಂದು, ಪಳನಿಯ ಬಸ್ಸು ಹತ್ತಿ ಒಡ್ಡನ್‌ಛತ್ರಂನಲ್ಲಿ ಇಳಿಯುವಾಗ ಬಿಸಿಲು ಇಳಿಯತೊಡಗಿತ್ತು. ಮಂಡಿಯ ರಸ್ತೆಯುದ್ದಕ್ಕೂ ಲಾರಿಗಳು. ನುಗ್ಗೆ, ಟೊಮೆಟೊ, ಸಣ್ಣ ಈರುಳ್ಳಿ, ಎಲ್ಲದರ ವಾಸನೆ ಒಂದಾಗಿ ಮೂಗಿಗೆ ಹೊಡೆಯಿತು.

ಶಾಂತಿ ಬಿಸಿಬಿಸಿ ಕಾಫಿ ಕೊಡುತ್ತ, "ಅಪ್ಪಾ, ನೀನೂ ನೋಡ್ತೀಯಲ್ಲ?" ಎಂದಳು.

"ಕೂಸು ಕರೀತು ಅಂತ ಬಂದೆ. ಬತ್ತೀನಿ, ನಿಲ್ತೀನಿ. ನೋಡಾದು ಗೀಡಾದು ಇಲ್ಲೆ."

"ಅಷ್ಟು ದೂರ ಬಂದು ಮುಖ ತಿರುಗಿಸ್ಕೊಂಡು ನಿಲ್ತೀಯಾ?"

"ಗುಡೀಲೂ ಹಂಗೇ ತಾನೆ ನಿಲ್ಲಾದು!" ಎಂದರು.

ಕತ್ತಲಾಗುತ್ತಿದ್ದ ಹಾಗೆ ಶಾಲೆಯ ಮೈದಾನ ತುಂಬಿತು. ಮಂಡಿಯ ಹಮಾಲರು, ಮಕ್ಕಳನ್ನು ಎತ್ತಿಕೊಂಡ ಹೆಂಗಸರು, ಸ್ವೆಟರು ಹಾಕಿದ ಮುದುಕರು. ನಡುವೆ ಅಕ್ಕಿ ಗಿರಣಿಯ ಕೊಳವೆಯಂಥದೊಂದು ಆಕಾಶಕ್ಕೆ ಬಾಯಿ ಮಾಡಿ ನಿಂತಿತ್ತು. ಅದರ ಪಕ್ಕದಲ್ಲಿ ಕುಳ್ಳಗಿನ ಒಬ್ಬ ಹೆಣ್ಣುಮಗಳು. ಯಾಳಿನಿಯ ವಿಜ್ಞಾನದ ಟೀಚರು, ಮಲರ್ ಎಂದು ಹೆಸರು. ಆಕೆ ಮೊದಲು ಸ್ವಲ್ಪ ಹೊತ್ತು ತಮಿಳಿನಲ್ಲಿ ಮಾತಾಡಿದರು. ಶನಿ ಎಷ್ಟು ದೂರ, ಒಂದು ಸುತ್ತು ಬರಲು ಅದಕ್ಕೆ ಎಷ್ಟು ವರ್ಷ, ಅದರ ಸುತ್ತಲಿನ ಬಳೆ ಹಿಮದ ಗಡ್ಡೆಗಳಿಂದ ಆದದ್ದು ಎಂದೆಲ್ಲ. ಶನಿ ಮೆಲ್ಲಗೆ ನಡೆಯುವವನು ಎಂಬುದು ಮಾತ್ರ ನಮಗೆ ಮೊದಲೇ ಗೊತ್ತಿತ್ತು.

ಒಬ್ಬ ಹಮಾಲ ಕೈಯೆತ್ತಿ, "ಟೀಚರ್, ಶನಿ ಮನೆ ಬದಲಾಯಿಸಿದ್ರೆ ಈರುಳ್ಳಿ ರೇಟು ಏರುತ್ತಾ?" ಎಂದ.

"ಅದನ್ನ ನಿಮ್ಮ ಮಂಡಿ ಯಜಮಾನರನ್ನು ಕೇಳಿ. ಶನಿಗೆ ಪಾಪ ಈರುಳ್ಳಿ ಗೊತ್ತಿಲ್ಲ" ಎಂದರು ಟೀಚರು. ಮೈದಾನವೆಲ್ಲ ನಕ್ಕಿತು. ಇವರೂ ನಕ್ಕರು.

ಮೊದಲು ಚಂದ್ರ. ಅರ್ಧ ಚಂದ್ರ ನೆತ್ತಿಯ ಹತ್ತಿರವೇ ಇದ್ದ. ಕೊಳವೆಯಲ್ಲಿ ನೋಡಿದರೆ ಮೈತುಂಬ ಗುಳಿ, ಗುಳಿಯಪ್ಪ ಸುಡುವ ನಮ್ಮ ಪಣಿಯಾರದ ಚಟ್ಟಿಯ ಹಾಗೆ. ಆಮೇಲೆ ಕೊಳವೆಯನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಶನಿಯನ್ನು ಹಿಡಿದರು. ಅಷ್ಟರಲ್ಲಿ ಒಂದು ಮೋಡ ಬಂತು. ಎಲ್ಲರೂ ಕಾದೆವು. ದೇವರ ದಯೆ, ಮೋಡ ಹೋಯಿತು.

ಸಾಲಿನಲ್ಲಿ ನನ್ನ ಸರದಿ ಬರುವ ಮೊದಲು ಚಪ್ಪಲಿ ಬಿಟ್ಟೆ. ಹಿಂದಿದ್ದ ಹುಡುಗಿಯರು ಕಿಸಕ್ಕೆಂದರು. ಅವರ ಹಿಂದಿದ್ದ ಅಮ್ಮನೊಬ್ಬಳು ಸುಮ್ಮನೆ ತನ್ನದನ್ನೂ ಬಿಟ್ಟಳು. ಕಣ್ಣಿಡುವ ಜಾಗದ ಹತ್ತಿರ ಬಂದಾಗ ನನ್ನ ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯಿತು. ಓರೆಯಾಗಿ ಬಗ್ಗಿ ನೋಡಿದೆ. ಬರೀ ಕಪ್ಪು.

"ನೇರಾ ಪಾರುಂಗಮ್ಮಾ" ಎಂದರು ಟೀಚರು.

"ಅವರನ್ನು ನಾವು ನೇರ ನೋಡುವುದಿಲ್ಲಮ್ಮಾ" ಎಂದು ಮೆಲ್ಲಗೆ ಹೇಳಿದೆ. ಆಕೆ ನಗಲಿಲ್ಲ. "ನಮ್ಮಜ್ಜಿಯೂ ಹಾಗೇ ಅಂತಿದ್ದರು. ಏನು ಮಾಡಲಿ, ಈ ಕೊಳವೆಗೆ ಓರೆನೋಟ ಬರುವುದಿಲ್ಲ" ಎಂದರು. ಏನಾದರೂ ಬೀಳುವುದಿದ್ದರೆ ಅವರಿಗಿಂತ ಮೊದಲು ನನ್ನ ಮೇಲೆ ಬೀಳಲಿ ಎಂದುಕೊಂಡು ನೇರವಾಗಿ ಕಣ್ಣಿಟ್ಟೆ.

ಒಂದು ಸಣ್ಣ ಹಳದಿ ಮಣಿ. ಅದರ ನಡುವೆ ಅಡ್ಡಲಾಗಿ ಚುಚ್ಚಿದ ಸೂಜಿಯಷ್ಟು ತೆಳ್ಳಗಿನ ಗೆರೆ. ದೀಪದ ಕುಡಿಯ ಹಾಗೆ ಮೆಲ್ಲಗೆ ನಡುಗುತ್ತಿತ್ತು. ನನ್ನ ಕೈ ಮುಗಿದುಕೊಂಡಿತು, ಮುಗಿದ ಕೈ ಕೊಳವೆಗೆ ತಾಗಿ ದೇವರು ಮಾಯವಾದರು. ಟೀಚರು ಮತ್ತೆ ಹುಡುಕಿ ಸರಿಮಾಡಿದರು.

ಅಷ್ಟರಲ್ಲಿ ಯಾಳಿನಿ ತಾತನ ಕೈ ಹಿಡಿದು ಎಳೆದುಕೊಂಡು ಬಂದಿತ್ತು. ಸೂಜಿ ಚುಚ್ಚಿದ ಮಣಿ ಕಂಡಿತು ಎಂದು ಅದಕ್ಕೆ ಹೇಳಿದೆ. ಅಷ್ಟು ಜನರ ಮುಂದೆ ಮಗುವಿನ ಕೈ ಕೊಡವಲಾಗಲಿಲ್ಲ ಅವರಿಗೆ. ಕೊಳವೆಯ ಮುಂದೆ ನಿಂತರು. ನಿಂತು, ಎಡಗೈಯಿಂದ ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ, ಬಲಗಣ್ಣನ್ನು ಇಟ್ಟರು. ನನಗೆ ಆಗಲೇ ತಿಳಿಯಿತು. ಹೇಗೂ ಪೊರೆ ಬಂದ ಕಣ್ಣು, ಆತನ ದೃಷ್ಟಿ ಬೀಳುವುದಿದ್ದರೆ ಅದರ ಮೇಲೆಯೇ ಬೀಳಲಿ ಎಂಬ ಲೆಕ್ಕ.

"ಏನೂ ಇಲ್ಲೆ" ಎಂದರು.

ಟೀಚರು ತಾವು ಬಗ್ಗಿ ನೋಡಿ, "ಇದೆಯಲ್ಲ ಐಯಾ" ಎಂದರು. ಇವರು ಮತ್ತೆ ಬಲಗಣ್ಣಿಟ್ಟರು. "ಮಜ್ಜಿಗೆ ಚೆಲ್ಲಿದಂಗೈತೆ. ಬೇರೇನೂ ಇಲ್ಲೆ."

"ತಾತಾ, ಕೊಳವೆಯನ್ನ ಬಾಡಿಗೆಗೆ ಹಿಡಿದ್ರಾ?" ಎಂದು ಸಾಲಿನಿಂದ ಯಾರೋ ಕೂಗಿದರು. ಟೀಚರು ಅವರನ್ನು ಸುಮ್ಮನಿರಿಸಿ ಇವರ ಹತ್ತಿರ ಬಂದು, "ಐಯಾ, ಎಡಗಣ್ಣಿನಿಂದ ಕೈ ತೆಗೆಯಬೇಡಿ. ಹಾಗೇ ತಲೆಯೆತ್ತಿ ಚಂದ್ರ ಎಲ್ಲಿದೆ ತೋರಿಸಿ" ಎಂದರು.

ಚಂದ್ರ ಅಲ್ಲೇ ತಲೆಯ ಮೇಲಿದ್ದ. ಇವರು ತಲೆಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಕೊನೆಗೆ ಲಾರಿಯೊಂದರ ದೀಪದ ಕಡೆಗೆ ಬೆರಳು ತೋರಿಸಿದರು.

ಯಾಳಿನಿ ತಾತನ ಪಂಚೆಯನ್ನು ಹಿಡಿದುಕೊಂಡಿತು. ಮಬ್ಬು ಮಬ್ಬಾಗಿಯಾದರೂ ಕಾಣುತ್ತದೆ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿದ್ದು, ಎದುರಿಗೆ ಕೂತು ಬಡಿಸುವ ನನಗೆ ಅಷ್ಟು ಕತ್ತಲು ಗೊತ್ತಿರಲಿಲ್ಲ.

"ಇದು ಅವ್ನಿಗೇ ಅಂತ ಬಿಟ್ಟ ಕಣ್ಣು ತಾಯಿ" ಎಂದರು ಇವರು, ತಮಾಷೆಯ ಹಾಗೆ. "ಇನ್ನೊಂದು ನನಗೆ ಬೇಕು, ತೋಟಕ್ಕೆ ಹೋಗ್ಬೇಕಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಸೂಜಿ ಕಂಡ್ತು ಅಂತ ಕೂಸಿಗೆ ಅಂದ್ಯಲ್ಲ ಪುಳ್ಳೆ, ಅದೇನು?"

ನಾನು ಬಾಯಿ ತೆರೆಯುವ ಮೊದಲು ಟೀಚರು ಹೇಳಿದರು. ಕೆಲವು ವರ್ಷ ಶನಿಯ ಬಳೆ ಅಗಲವಾಗಿ ತೆರೆದು ಕಾಣುತ್ತದಂತೆ. ಈ ವರ್ಷ ಅದರ ಅಂಚು ಮಾತ್ರ ನಮ್ಮ ಕಡೆಗಿದೆ, ಅದಕ್ಕೇ ಗೆರೆಯ ಹಾಗೆ ಕಾಣುವುದಂತೆ.

ಇವರು ತಮ್ಮ ಅಂಗೈಯನ್ನು ಓರೆಮಾಡಿ ಅದರ ಅಂಚನ್ನು ನೋಡಿಕೊಂಡರು. "ಅಂದ್ರೆ ಈ ವರ್ಷ ಅವ್ನೇ ನಮಗೆ ಓರೆಯಾಗಿ ನಿಂತವ್ನಾ?"

"ಬಳೆಯ ಮಟ್ಟಿಗೆ ಹೌದು ಐಯಾ" ಎಂದರು ಟೀಚರು.

ಇವರು ಹೆಗಲ ಮೇಲಿನ ಟವಲ್ಲನ್ನು ತೆಗೆದು, ಗರ್ಭಗುಡಿಯ ಮುಂದೆ ಮಾಡುವ ಹಾಗೆ ಸೊಂಟಕ್ಕೆ ಸುತ್ತಿಕೊಂಡರು. ಎಡಗಣ್ಣಿನ ಮೇಲಿನ ಕೈ ಇಳಿಸಿದರು. ಬಗ್ಗಿದರು. ಬಹಳ ಹೊತ್ತು ನೋಡಿದರು. ಎದ್ದಾಗ ಮುಖದಲ್ಲಿ ಭಯವಿರಲಿಲ್ಲ. ಯಾರೋ ಪರಿಚಯದವರನ್ನು ದೂರದ ಊರಿನಲ್ಲಿ ಕಂಡ ಹಾಗಿತ್ತು.

"ಎಷ್ಟು ಚಿಕ್ಕವ್ನು" ಎಂದರು. "ತನ್ನ ಪಾಡಿಗೆ ತಾನು ಅವ್ನೆ ಪುಳ್ಳೆ."

ರಾತ್ರಿ ಶಾಂತಿ ದೋಸೆ ಹಾಕಿದಳು. ಕಣ್ಣಿನ ಮಾತು ಯಾರೂ ಎತ್ತಲಿಲ್ಲ.

ಮರುದಿನ ಶನಿವಾರ. ಬೆಳಿಗ್ಗೆಯೇ ಹೊರಟರೆ ಮಧ್ಯಾಹ್ನಕ್ಕೆ ಕುಚ್ಚನೂರು ಸೇರಿ ದೀಪ ಹಚ್ಚಬಹುದು ಎಂದು ನಾನು ಲೆಕ್ಕ ಹಾಕಿದ್ದೆ. ಇವರದು ಉಪವಾಸ. ದಿಂಡಿಗಲ್ಲಿನಲ್ಲಿ ಇಳಿದು ತೇನಿಯ ಬಸ್ಸಿನ ಕಡೆಗೆ ನಾಲ್ಕು ಹೆಜ್ಜೆ ಹಾಕಿದವಳು ತಿರುಗಿ ನೋಡಿದರೆ ಇವರು ಹಿಂದಿಲ್ಲ. ಆಟೋ ನಿಲ್ಲುವ ಕಡೆ ನಿಂತು ಒಬ್ಬನ ಹತ್ತಿರ ಚೌಕಾಸಿ ಮಾಡುತ್ತಿದ್ದರು. ಕಣ್ಣಾಸ್ಪತ್ರೆಗೆ!

ಚೀಲ ಹೊತ್ತು ಓಡಿದೆ. "ಏಂಗ, ಇವತ್ತು ಶನಿವಾರ."

"ಗೊತ್ತು. ಅವ್ನ ಮೊಕಾನೇ ನೋಡಿದ್ದಾಯ್ತು. ಡಾಕ್ಟ್ರ ಮೊಕ ನೋಡಾಕೆ ಏನು ಭಯ? ಹತ್ತು."

"ಕುಚ್ಚನೂರು ದೀಪ?"

"ಸಾಯಂಕಾಲ ಹಚ್ಚಾನ. ನಿನ್ನೆ ತಾನೆ ನೋಡಿ ಬಂದಿದ್ದೀವಿ, ಕೋಪ ಮಾಡ್ಕಳಾಕಿಲ್ಲ."

ಆಸ್ಪತ್ರೆಯಲ್ಲಿ ಜನ ತುಂಬಿದ್ದರೂ ನಮಗೆ ಕೂರಲು ಜಾಗ ಸಿಕ್ಕಿತು. ಒಳಗೆ ಕರೆದಾಗ ನಾನು ಬಾಗಿಲಿನ ಹತ್ತಿರವೇ ನಿಂತೆ. ನರ್ಸಮ್ಮ ಎಡಗಣ್ಣನ್ನು ಮುಚ್ಚಿಸಿ, ಗೋಡೆಯ ಮೇಲಿನ ಎಲ್ಲಕ್ಕಿಂತ ದೊಡ್ಡ ಅಕ್ಷರವನ್ನು ಓದಿ ಎಂದರು. ಇವರು ಕತ್ತು ಮುಂದೆ ಮಾಡಿದರು. ಬೆಳಕು ಸರಿಯಿಲ್ಲ ಎನ್ನುತ್ತಾರೆ, ಬರೆದವನ ಕೈ ಸರಿಯಿಲ್ಲ ಎನ್ನುತ್ತಾರೆ ಎಂದು ಕಾದೆ.

"ಕಾಣ್ತಿಲ್ಲೆ ತಾಯಿ" ಎಂದರು. "ಬಾಳ ದಿನ ಆಯ್ತು."

ಕುಲದೇವತೆಯನ್ನು ನೆನೆದು ಗೋಡೆಗೆ ಒರಗಿಕೊಂಡೆ. ಡಾಕ್ಟರು ಬಂದು ನೋಡಿ, ಇನ್ನೂ ಕೈಮೀರಿಲ್ಲ, ಇನ್ನು ಮಾತ್ರ ತಡ ಮಾಡಬೇಡಿ ಎಂದು ಪೊಂಗಲ್ ಕಳೆದ ಮೇಲಿನ ದಿನವೊಂದನ್ನು ಕೊಟ್ಟರು. ಇವರು ಪಂಚಾಂಗ ಕೇಳಲಿಲ್ಲ.

ಪರೀಕ್ಷೆಗೆಂದು ಎರಡೂ ಕಣ್ಣಿಗೆ ಔಷಧ ಬಿಟ್ಟಿದ್ದರು. ಬೆಳಕನ್ನು ತಡೆಯಲಾಗದೆ ತೇನಿಯ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರು. ಬಸ್ಸು ಪಡುವಣಕ್ಕೆ ಓಡುತ್ತಿತ್ತು, ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ. ನಾನು ಸೆರಗನ್ನು ಬಿಡಿಸಿ ಕಿಟಕಿಗೆ ಅಡ್ಡವಾಗಿ ಹಿಡಿದೆ. ವತ್ತಲಗುಂಡು ದಾಟಿದ ಮೇಲೆ ಅವರ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು.

"ಈಗ ಏನು ಕಾಣ್ತೈತೆ ಪುಳ್ಳೆ? ಹೇಳು."

ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರಲ್ಲ. ಸೆರಗಿನ ಸಂದಿಯಿಂದ ನೋಡಿ ಒಂದೊಂದಾಗಿ ಹೇಳಿದೆ. ತೆಂಗಿನ ತೋಪು. ಒಂದು ಇಟ್ಟಿಗೆ ಗೂಡು. ಮಾವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತ ಹೆಂಗಸರು. ಕೋಡೈ ಬೆಟ್ಟ, ಅದರ ತುದಿಗೆ ಒಂದು ತುಂಡು ಮೋಡ. ಅವರು "ಹೂಂ, ಹೂಂ" ಎನ್ನುತ್ತಿದ್ದರು. ಪೆರಿಯಕುಳಂ ಬಂದು ಹೋಗುವವರೆಗೂ ಹೇಳುತ್ತಲೇ ಇದ್ದೆ.